"ಅಲ್ಲಿ ಊಟಕ್ಕೆ ಏನು ಮಾಡಿದ್ರಿ?"

ಪೋರ್ಚುಗಲ್‌ಗೆ ಹೋಗಿ ಬಂದು ಎಂಟು ತಿಂಗಳಾಯಿತು. ಸಮುದ್ರ ಹೇಗಿತ್ತು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: "ಅಲ್ಲಿ ಊಟಕ್ಕೆ ಏನು ಮಾಡಿದ್ರಿ?" ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಲಿಫ್ಟಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿದ ಮೇಲೆ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಯಿತು. ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ: ಊಟ ಮಾಡಿದ್ವಿ.

ಏನು ತಿಂದ್ರಿ ಅಂತ ಕೇಳಿದ್ದರೆ ನನಗೇನೂ ಬೇಸರವಿರಲಿಲ್ಲ. "ಊಟಕ್ಕೆ ಏನು ಮಾಡಿದ್ರಿ" ಅನ್ನುವುದು ಗ್ಯಾಸ್ ಖಾಲಿಯಾದಾಗ, ಊರಿಗೆ ನೆರೆ ಬಂದಾಗ ಕೇಳುವ ಮಾತು. ಪಾಪ, ಹೇಗೋ ಬದುಕಿ ಬಂದ್ರಲ್ಲ ಅನ್ನುವ ಧಾಟಿ. ಆ ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಇದ್ದಾರೆ ಸ್ವಾಮಿ. ದಿನಾ ಎರಡು ಹೊತ್ತು ಉಣ್ಣುತ್ತಾರೆ.

ಇದರ ಹಿಂದೆಯೇ ಬರುವ ಮರಿಪ್ರಶ್ನೆ, "ಅನ್ನ ಸಿಗುತ್ತಾ?" ಸಿಗುತ್ತೆ. ಯುರೋಪಿನಲ್ಲಿ ತಲೆಲೆಕ್ಕ ಹಾಕಿದರೆ ಎಲ್ಲರಿಗಿಂತ ಹೆಚ್ಚು ಅಕ್ಕಿ ತಿನ್ನುವವರು ಅವರೇ. ತೇಜು, ಸಾದು, ಮೊಂದೇಗು ನದಿಗಳ ಬಯಲಿನಲ್ಲಿ ಭತ್ತದ ಗದ್ದೆಗಳಿವೆ. ಟೊಮೆಟೊ ಅನ್ನ ಮಾಡುತ್ತಾರೆ, ಕಾಳು ಹಾಕಿದ ಅನ್ನ ಮಾಡುತ್ತಾರೆ. ಅಕ್ಕಿ ಪಾಯಸ ಮಾಡಿ, ಗಟ್ಟಿಯಾದ ಮೇಲೆ ಅದರ ಮೇಲೆ ದಾಲ್ಚಿನ್ನಿ ಪುಡಿಯಲ್ಲಿ ರಂಗೋಲಿ ಬಿಡುತ್ತಾರೆ. ಇನ್ನೊಂದು ಮರಿಪ್ರಶ್ನೆ, "ಇಂಡಿಯನ್ ಹೋಟೆಲ್ ಇದ್ವಾ?" ಇದ್ವು. ಆರನೇ ದಿನ ಹೋದೆ. ಜ್ವರ ಬಂದಿತ್ತು, ಅದಕ್ಕೆ. ಸರಿ, ನೆಗಡಿ.

ಜೊತೆಗೆ ಅತ್ತೆ ಬಂದಿದ್ದರು. ಅಪ್ಪನ ಅಕ್ಕ, ವಯಸ್ಸು ಎಪ್ಪತ್ತೊಂದು, ಕರಾವಳಿಯ ಮನೆಯಲ್ಲಿ ಬೆಳೆದವರು. ನಾನು ಮೀನು ತಿನ್ನುತ್ತೇನೆ, ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಅತ್ತೆ ಶುದ್ಧ ಸಸ್ಯಾಹಾರಿ. ಆ ಶುದ್ಧಕ್ಕೆ ಅವರದೇ ಒಂದು ತಿದ್ದುಪಡಿ ಇದೆ: ಕಣ್ಣಿಗೆ ಕಾಣದ ಮೊಟ್ಟೆ ಮೊಟ್ಟೆಯಲ್ಲ.

ಲಿಸ್ಬನ್ನಿನ ಅಲ್ಫಾಮ ಅನ್ನುವ ಹಳೇ ಕೇರಿಯಲ್ಲಿ ಒಂದು ತಾಷ್ಕ. ತಾಷ್ಕ ಅಂದರೆ ಗಂಡ ಹೆಂಡತಿ ಸೇರಿ ನಡೆಸುವಂಥ ಸಣ್ಣ ಊಟದಂಗಡಿ. ಕೂತ ಕೂಡಲೇ ಬ್ರೆಡ್ಡು, ಆಲಿವ್ ಕಾಯಿ, ಅಂಗೈಯಗಲದ ಚೀಸು ತಂದಿಟ್ಟರು. "ಎಷ್ಟು ಒಳ್ಳೇ ಜನ" ಅಂದರು ಅತ್ತೆ. ಒಳ್ಳೇ ಜನವೇ, ಆದರೆ ಅದಕ್ಕೆ ಕುವೇರ್ ಅಂತ ಹೆಸರು, ಬಿಲ್ಲಿನಲ್ಲಿ ಬೇರೆ ಸಾಲು. ನಾವು ಕೇಳಿರದಿದ್ದರೆ, ಮುಟ್ಟದೆ ಬಿಟ್ಟರೆ, ದುಡ್ಡು ಹಾಕುವಂತಿಲ್ಲ ಅಂತ ಅಲ್ಲಿ ಕಾನೂನೇ ಇದೆ. ಇದು ನನಗೆ ತಿಳಿಯುವಷ್ಟರಲ್ಲಿ ಮೇಜಿನ ಮೇಲೆ ಆಲಿವ್ ಬೀಜ ಮಾತ್ರ ಉಳಿದಿತ್ತು. (ಮೇಜು ಅನ್ನುವ ಪದವೂ ಅವರದ್ದೇ ಅನ್ನುವವರಿದ್ದಾರೆ. ಚಾವಿಯಂತೂ ಅವರದ್ದೇ. ಇದನ್ನು ಅತ್ತೆಗೆ ಹೇಳಿದ್ದಕ್ಕೆ, "ಕೊಟ್ಟಿದ್ದಕ್ಕಿಂತ ತಗೊಂಡು ಹೋಗಿದ್ದೇ ಜಾಸ್ತಿ" ಅಂದರು.)

ಮೆನುವಿನಲ್ಲಿ ಪೈಶೀನ್ಯುಶ್ ದ ಓರ್ತ ಅಂತ ಒಂದಿತ್ತು. ಕೆಳಗೆ ಇಂಗ್ಲಿಷಿನಲ್ಲಿ, ಲಿಟಲ್ ಫಿಶ್ ಫ್ರಮ್ ದ ಗಾರ್ಡನ್.

"ತೋಟದಲ್ಲಿ ಯಾಕೆ ಮೀನು ಸಾಕ್ತಾರೆ?" ಅಂದರು ಅತ್ತೆ.

"ಮೀನಲ್ಲ ಅತ್ತೆ, ಬೀನ್ಸು. ಹಿಟ್ಟಿನಲ್ಲಿ ಅದ್ದಿ ಕರೀತಾರೆ. ನೋಡೋಕೆ ಮರಿಮೀನಿನ ಹಾಗೆ ಕಾಣುತ್ತೆ ಅಂತ ಆ ಹೆಸರು."

"ಕಾಣುತ್ತೆ ಅಂದ್ಯಲ್ಲ, ಮತ್ತೆ ನನಗೆ ಬೇಡ."

ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಕಾಣದ ಮೊಟ್ಟೆ ಮೊಟ್ಟೆಯಲ್ಲ ಅಂದಮೇಲೆ ಮೀನಿನ ಹಾಗೆ ಕಾಣುವ ಬೀನ್ಸು ಮೀನೇ. ಇಡೀ ಮೆನುವಿನಲ್ಲಿ ಅವರು ತಿನ್ನಬಹುದಾದ ಒಂದೇ ತಿನಿಸು ಹೀಗೆ ಕೈತಪ್ಪಿತು.

ಅಷ್ಟರಲ್ಲಿ ಅಂಗಡಿಯ ಯಜಮಾನ ಬಂದು ಸೂಪಿನಲ್ಲಿ ಏನೇನಿದೆ ಅಂತ ಹೇಳತೊಡಗಿದ. ಅತ್ತೆಯ ಕಿವಿ ನೆಟ್ಟಗಾಯಿತು. "ಬಟಾಟೆ ಅಂದ ಅಲ್ವಾ?" ಹೌದು, ಬತಾತ ಅಂದಿದ್ದ. ಎಂಟೂವರೆ ಸಾವಿರ ಕಿಲೋಮೀಟರ್ ದಾಟಿ ಬಂದು ಕಿವಿಗೆ ಬಿದ್ದ ಮೊದಲ ನೆಂಟರ ಹೆಸರು. ಕಾಲ್ದು ವೇರ್ದೆ ಬಂತು. ಬಟಾಟೆ ಬೇಯಿಸಿ ಮಸೆದು, ಒಂದು ಜಾತಿಯ ಎಲೆಕೋಸನ್ನು ನೂಲಿನಷ್ಟು ಸಣ್ಣಗೆ ಹೆಚ್ಚಿ ಹಾಕಿ, ಮೇಲೆ ಆಲಿವ್ ಎಣ್ಣೆ ಬಿಟ್ಟ ಹಸಿರು ಸಾರು. ನಡುವೆ ದುಂಡಗೆ ಕೆಂಪಗೆ ಏನೋ ತೇಲುತ್ತಿತ್ತು.

"ಕ್ಯಾರೆಟ್ಟಾ?"

ಕ್ಯಾರೆಟ್ಟಲ್ಲ, ಶೋರೀಸು. ಹಂದಿಮಾಂಸದ್ದು. ನಾನು ಮಾಂಸ ಬೇಡ ಅಂತಲೇ ಹೇಳಿದ್ದೆ. ಅವರ ಲೆಕ್ಕದಲ್ಲಿ ಒಂದು ಬಿಲ್ಲೆ ಮಾಂಸವಲ್ಲ, ಒಗ್ಗರಣೆ. ಬಟ್ಟಲು ಒಳಗೆ ಹೋಯಿತು. ಯಜಮಾನನ ಹೆಂಡತಿ ತಾನೇ ಹೊರಗೆ ಬಂದು, ಕೈ ಒರೆಸಿಕೊಂಡು, ಅತ್ತೆಯ ಭುಜ ತಟ್ಟಿ, ಬೇರೆ ಪಾತ್ರೆಯಿಂದ ಬೇರೆ ಸಾರು ತಂದುಕೊಟ್ಟಳು. ಅದಕ್ಕೆ ಕಾಯುತ್ತಾ ಅತ್ತೆ ನನ್ನ ತಟ್ಟೆಯ ತೋಟದ ಮೀನನ್ನು ಮೂಸಿ ನೋಡಿದರು. ತುದಿ ಮುರಿದರು. ಒಂದು ತಿಂದರು. ಆಮೇಲೆ ನಾಲ್ಕು.

"ಬಜ್ಜಿ ಕಣೇ ಇದು."

ಇದೇ ಬಗೆಯ ಕರಿದ ತಿನಿಸನ್ನು ಪೋರ್ಚುಗೀಸರು 16ನೇ ಶತಮಾನದಲ್ಲಿ ಜಪಾನಿಗೆ ಒಯ್ದರಂತೆ, ಅಲ್ಲಿ ಅದು ಟೆಂಪುರಾ ಆಯಿತಂತೆ ಅಂದೆ. "ಬಜ್ಜಿ ಕೊಡೋಕೆ ಅಷ್ಟು ದೂರ ಹೋಗಿದ್ರಾ?" ಅಂದರು, ಐದನೆಯದನ್ನು ಎತ್ತಿಕೊಳ್ಳುತ್ತಾ.

ಮಾರನೇ ದಿನ ಲಿಸ್ಬನ್ನಿನದೇ ಇನ್ನೊಂದು ಭಾಗವಾದ ಬೆಲೆಂನಲ್ಲಿ ಪಷ್ಟೆಲ್ ದ ನಾತ. ಮೊಟ್ಟೆಯ ಹಳದಿಯನ್ನು ಹಾಲು ಸಕ್ಕರೆ ಜೊತೆ ಕಾಯಿಸಿ, ಗರಿಗರಿ ಹಿಟ್ಟಿನ ಬಟ್ಟಲಿಗೆ ಸುರಿದು ಸುಡುವ ಸಿಹಿ. ಮಠಗಳಲ್ಲಿ ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಬಳಸುತ್ತಿದ್ದರಂತೆ, ಉಳಿದ ಹಳದಿ ಸಿಹಿತಿಂಡಿಗೆ ಹೋಗುತ್ತಿತ್ತಂತೆ. 1834ರಲ್ಲಿ ಮಠಗಳನ್ನು ಮುಚ್ಚಿಸಿದರು, 1837ರಿಂದ ಆ ಸಿಹಿ ಅಲ್ಲಿ ಅಂಗಡಿಯಲ್ಲಿ ಮಾರಾಟವಾಗುತ್ತಿದೆ. ಅತ್ತೆಗೆ ಮೊಟ್ಟೆ ಕಾಣಲಿಲ್ಲ. ಹನ್ನೊಂದು ದಿನ, ದಿನಕ್ಕೆ ಎರಡರಂತೆ ಕಾಣಲಿಲ್ಲ.

ಅದೇ ಅತ್ತೆ ಈಗ ನೆಂಟರ ಮುಂದೆ ಏನು ಹೇಳುತ್ತಾರೆ ಗೊತ್ತಾ? "ಊಟಕ್ಕೆ ಏನೂ ತೊಂದರೆ ಆಗ್ಲಿಲ್ಲ, ಚಟ್ನಿಪುಡಿ ಇತ್ತಲ್ಲ." ನನಗೆ ಉರಿಯುವುದು ಇಲ್ಲೇ.

ಪ್ರಶ್ನೆಯಲ್ಲಿ ಬರೀ ನಮ್ಮ ನಾಲಿಗೆಯ ವಿಚಾರ. ಅದನ್ನೇ ಚೂರು ತಿರುಗಿಸಿ, "ಅಲ್ಲಿಯವರು ಊಟಕ್ಕೆ ಏನು ಮಾಡ್ತಾರೆ?" ಅಂತ ಯಾರಾದರೂ ಕೇಳಿದ್ದರೆ ಒಂದು ಗಂಟೆ ಮಾತಾಡುತ್ತಿದ್ದೆ. ಉದಾಹರಣೆಗೆ ಬಕಲ್ಯಾವ್, ಅಂದರೆ ಉಪ್ಪು ಹಾಕಿ ಒಣಗಿಸಿದ, ಕಾಡ್ (cod) ಅನ್ನುವ ಜಾತಿಯ ಮೀನು. ದಿನಕ್ಕೊಂದರಂತೆ 365 ಬಗೆ ಮಾಡಬಹುದು ಅನ್ನುತ್ತಾರೆ, ಕ್ರಿಸ್ಮಸ್‌ನ ಹಿಂದಿನ ರಾತ್ರಿ ಅದಿಲ್ಲದೆ ಊಟವಿಲ್ಲ. ಆದರೆ ಆ ಮೀನು ಅವರ ಸಮುದ್ರದ್ದಲ್ಲ! ಅದು ತಣ್ಣನೆಯ ಉತ್ತರದ ನೀರಿನದು. ಹಿಂದೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಹೋಗಿ ತಿಂಗಳುಗಟ್ಟಲೆ ಹಿಡಿದು ತರುತ್ತಿದ್ದರು. ಹಡಗಿನಿಂದ ಇಳಿಸಿದ ಪುಟ್ಟ ದೋಣಿಯಲ್ಲಿ ಒಬ್ಬೊಬ್ಬನೇ ಕೂತು ಗಾಳ ಹಾಕಬೇಕಿತ್ತು, 20ನೇ ಶತಮಾನದಲ್ಲೂ. ಈಗ ಹೆಚ್ಚಾಗಿ ನಾರ್ವೆ, ಐಸ್‌ಲ್ಯಾಂಡ್ ಕಡೆಯಿಂದ ಬರುತ್ತದೆ. ಮನೆಬಾಗಿಲಲ್ಲಿ ಹೊಳೆಯುವ ಸಾರ್ಡೀನು ಅಂದರೆ ಬೂತಾಯಿ ಇದ್ದೂ ಇದೇನು ಹಟ ಅಂದರೆ, ಚರ್ಚಿನ ಪ್ರಕಾರ ಮಾಂಸ ಬಿಡಬೇಕಾದ ದಿನಗಳು ಬಹಳ, ಹಸಿಮೀನು ಒಳನಾಡು ಮುಟ್ಟುವಷ್ಟರಲ್ಲಿ ಕೆಡುತ್ತದೆ, ಇದು ಕೆಡುವುದಿಲ್ಲ. ಮರದ ಹಲಗೆಯಂತಿರುವುದನ್ನು ಒಂದೆರಡು ದಿನ ನೀರು ಬದಲಿಸಿ ನೆನೆಹಾಕಬೇಕು. ನಾಳಿದ್ದಿನ ಊಟಕ್ಕೆ ಇವತ್ತೇ ಮನಸ್ಸು ಮಾಡಿರಬೇಕು.

ಇನ್ನು ಒಳಗೆ, ಅಲೆಂತೇಜು ಸೀಮೆಯಲ್ಲಿ, ಏನೂ ಇಲ್ಲದಿದ್ದಾಗ ಏನು ಮಾಡುತ್ತಿದ್ದರು? ಅಸೋರ್ದ. ಬೆಳ್ಳುಳ್ಳಿ, ಕಲ್ಲುಪ್ಪು, ಕೊತ್ತಂಬರಿ ಸೊಪ್ಪನ್ನು ಕುಟ್ಟಾಣಿಯಲ್ಲಿ ಕುಟ್ಟಿ ಬಟ್ಟಲಿಗೆ ಹಾಕು, ಆಲಿವ್ ಎಣ್ಣೆ ಬಿಡು, ಕುದಿಯುವ ನೀರು ಸುರಿ, ಒಣಗಿದ ಹಳೇ ಬ್ರೆಡ್ಡು ಮುರಿದು ಹಾಕು. ಇದ್ದರೆ ಮೇಲೊಂದು ಮೊಟ್ಟೆ. ಎವೊರಾ ಊರಿನಲ್ಲಿ ತಿಂದೆವು. ನೀರು ಬಿದ್ದ ಕೂಡಲೇ ಎದ್ದ ಕೊತ್ತಂಬರಿ ಘಮಕ್ಕೆ ಅತ್ತೆ ಮಾತು ನಿಲ್ಲಿಸಿದರು. ಅವರ ಬಟ್ಟಲಿಗೆ ಮೊಟ್ಟೆ ಬೇಡ ಅಂದೆವು, ಇದು ಕಾಣುವ ಮೊಟ್ಟೆ. (ಬಕಲ್ಯಾವ್ ಬೇಯಿಸಿದ ನೀರನ್ನೇ ಸುರಿಯುವವರೂ ಇದ್ದಾರೆ, ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ.) ಮಾರನೇ ದಿನ ಮತ್ತೆ ಅಲ್ಲಿಗೇ ಹೋದೆವು.

ಮೂರನೇ ದಿನ ಬಾಗಿಲು ಹಾಕಿತ್ತು. ಭಾನುವಾರ. ಬೇಕರಿಯಿಂದ ಒಂದು ದಪ್ಪ ಬ್ರೆಡ್ಡು ತಂದೆ. ರೋಮನ್ನರ ಹಳೇ ಗುಡಿಯ ಎದುರು ಪಾರ್ಕಿನ ಬೆಂಚಿನಲ್ಲಿ ಕೂತೆವು. ಅತ್ತೆ ಬ್ಯಾಗಿನಿಂದ ಚಟ್ನಿಪುಡಿ ತೆಗೆದು, ಕಾಗದದ ಮೇಲೆ ಸುರಿದು, ನಡುವೆ ಗುಳಿ ಮಾಡಿ, ಅಲ್ಲೇ ಕೊಂಡಿದ್ದ ಆಲಿವ್ ಎಣ್ಣೆ ಬಿಟ್ಟರು. ಇಬ್ಬರೂ ಅದ್ದಿಕೊಂಡು ಇಡೀ ಬ್ರೆಡ್ಡು ಮುಗಿಸಿದೆವು. ಚೆನ್ನಾಗಿತ್ತು. ಇದೊಂದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.