ಬಚ್ಚಲ ಬಣ್ಣ, ಒಲೆಯ ಬೂದಿ

ತಿಂಗಳಿಗೆ ಎರಡು ಸಲ ನಮ್ಮ ಬಚ್ಚಲಿನಲ್ಲಿ ಓಕುಳಿ ಆಡಿದಂತಾಗುತ್ತದೆ. ಮುಂಬಯಿ ಬಳಿಯ ಡೊಂಬಿವಲಿಯ ಈ ಎರಡು ಕೋಣೆಯ ಮನೆಯಲ್ಲಿ ನಾನು ಹತ್ತಿಯ ದುಪಟ್ಟಾಗಳಿಗೆ ಬಣ್ಣ ಹಾಕಲು ತೊಡಗಿ ಒಂಬತ್ತು ವರ್ಷವಾಯಿತು. ಬಟ್ಟೆಗೆ ಗಂಟು ಕಟ್ಟಿ, ಉಪ್ಪು ಮತ್ತು ವಾಷಿಂಗ್ ಸೋಡಾ ಬೆರೆಸಿದ ಬಣ್ಣದಲ್ಲಿ ನೆನೆಸಿಟ್ಟು, ಮರುದಿನ ಬೆಳಿಗ್ಗೆ ತೊಳೆಯುತ್ತೇನೆ. ಬಟ್ಟೆ ಹಿಡಿಯದ ಬಣ್ಣವೆಲ್ಲ ಆ ನೀರಿನ ಜೊತೆ ತೂಬಿಗೆ. ನಾನು ಬಳಸುವುದು ಹತ್ತಿಯ ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣ. ಅದರಲ್ಲಿ ಐದರಲ್ಲೊಂದು ಪಾಲು ಹೀಗೆ ತೊಳೆದುಹೋಗುವುದು ಸಾಮಾನ್ಯ, ಕಡುಗೆಂಪಾದರೆ ಇನ್ನೂ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೂ ಸಾಕು, ಕಣ್ಣಿಗೆ ಕಾಣುತ್ತದೆ. ನಾನು ಚೆಲ್ಲುವುದು ಐದಾರು ಬಕೆಟ್.

ಈ ಊರಿನಲ್ಲಿದ್ದು ಬಣ್ಣದ ನೀರನ್ನು ಕಂಡೂ ಕಾಣದಂತೆ ಇರಲು ನನ್ನಿಂದಾಗುವುದಿಲ್ಲ. 2020ರ ಫೆಬ್ರವರಿಯಲ್ಲಿ ನಮ್ಮ ಎಂಐಡಿಸಿಯ, ಅಂದರೆ ಕೈಗಾರಿಕಾ ಪ್ರದೇಶದ, ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದಕ್ಕೂ ಮೊದಲು, 2017ರ ಆಗಸ್ಟಿನಲ್ಲಿ, ನವಿ ಮುಂಬಯಿಯ ತಳೋಜಾದಲ್ಲಿ ಕಾಸಾಡಿ ನದಿಯ ಆಸುಪಾಸಿನ ಬೀದಿನಾಯಿಗಳ ಮೈ ನೀಲಿಯಾಗಿತ್ತು. ಆ ಚಿತ್ರ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಕಾರ್ಖಾನೆಯ ಮುಂದೆ ನನ್ನ ಬಕೆಟ್ ಯಾವ ಲೆಕ್ಕ ಎಂದು ಹಲವರು ಹೇಳಿದ್ದಾರೆ. ಬಕೆಟ್ ನನ್ನದು, ಹಾಗಾಗಿ ಲೆಕ್ಕವೂ ನನ್ನದೇ.

ಬಣ್ಣ ಹೀರಲು ಎಲ್ಲಕ್ಕಿಂತ ಹೆಸರಾದದ್ದು ಆಕ್ಟಿವೇಟೆಡ್ ಕಾರ್ಬನ್, ಅಂದರೆ ಒಳಗೆಲ್ಲ ರಂಧ್ರಗಳಾಗುವಂತೆ ಸಂಸ್ಕರಿಸಿದ ಇದ್ದಿಲು. ಅದರ ಒಂದು ಗ್ರಾಂ ಪುಡಿಯ ಒಳಗಿನ ಸಣ್ಣ ರಂಧ್ರಗಳನ್ನೆಲ್ಲ ಬಿಡಿಸಿ ಹಾಸಿದರೆ 500ರಿಂದ 1500 ಚದರ ಮೀಟರ್ ಆಗುತ್ತದೆ. ನಮ್ಮಂಥ ಹತ್ತು ಮನೆಗಳ ನೆಲಕ್ಕಿಂತ ಹೆಚ್ಚು. ಆದರೆ ಪ್ರತಿ ಸಲ ಕೊಂಡು ತಂದರೆ ದುಪಟ್ಟಾದಲ್ಲಿ ಉಳಿಯುವ ಲಾಭ ಅದಕ್ಕೇ ಹೋಗುತ್ತದೆ. ಹಾಗಾಗಿ ಬೂದಿಯ ಕಡೆ ತಿರುಗಿದೆ. ಕಬ್ಬಿನ ಸಿಪ್ಪೆ, ಭತ್ತದ ಹೊಟ್ಟು, ತೆಂಗಿನ ಚಿಪ್ಪು, ಇವುಗಳ ಬೂದಿ ಬಣ್ಣ ಹಿಡಿಯುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಎಷ್ಟೋ ಸಲ ತೋರಿಸಿದ್ದಾರೆ. ಅತ್ತೆಗೆ ಹೇಳಿದಾಗ ಅವರು, “ಬೂದಿನೀರಿನಲ್ಲಿ ನಾವು ಬಟ್ಟೆ ಬಿಳಿ ಮಾಡುತ್ತಿದ್ದೆವು ಮಾರಾಯ್ತಿ, ನೀನು ನೀರನ್ನೇ ಬಿಳಿ ಮಾಡಲು ಹೊರಟಿದ್ದೀಯಲ್ಲ” ಎಂದರು. ಕುಂದಾಪುರದ ಮನೆಯಲ್ಲಿ ಬಚ್ಚಲೊಲೆಯ ಬೂದಿಯನ್ನು ನೀರಿಗೆ ಹಾಕಿ ಕದಡಿ, ಮೇಲಿನ ತಿಳಿಯಲ್ಲಿ ಬಟ್ಟೆ ನೆನೆಸುತ್ತಿದ್ದರಂತೆ. ಅವರಿಗೆ ಬೇಕಾಗಿದ್ದು ಆ ತಿಳಿ. ನನಗೆ ಬೇಕಾಗಿರುವುದು ಅಡಿಯಲ್ಲಿ ಉಳಿಯುವ ಗಷ್ಟು.

ಮೊದಲು ತಂದದ್ದು ನಮ್ಮ ಬೀದಿಯ ಪಾವ್ ಬೇಕರಿಯ ಭಟ್ಟಿಯ ಬೂದಿ. ಪರೀಕ್ಷೆಯ ಬಣ್ಣಕ್ಕೆ, ಮೀನು ಸಾಕುವವರ ಅಂಗಡಿಯಲ್ಲಿ ಔಷಧಿಯೆಂದು ಮಾರುವ ಮೆಥಿಲೀನ್ ಬ್ಲೂ. ಒಂದು ಲೀಟರ್ ನೀರಿಗೆ ಐದು ಹನಿ, ಎರಡು ಚಮಚ ಬೂದಿ. ಅರ್ಧ ಗಂಟೆ ಕಲಕಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿದೆ. ಪಾತ್ರೆಗೆ ಇಳಿದ ನೀರು ಹೆಚ್ಚುಕಡಿಮೆ ತಿಳಿ! ಕೈ ನಡುಗುವಷ್ಟು ಸಂತೋಷವಾಯಿತು. ಪಂಚೆಯನ್ನು ಹಿಂಡಿ ಹರವಿದಾಗ ಅದರ ನಡುವೆ ಅಂಗೈಯಗಲದ ನೀಲಿ ಕಂಡಿತು. ಅನುಮಾನದಿಂದ, ಬೂದಿಯನ್ನೇ ಹಾಕದ ನೀಲಿ ನೀರನ್ನು ಇನ್ನೊಂದು ತುಂಡಿನಲ್ಲಿ ಸೋಸಿದೆ. ಅದೂ ತಿಳಿಯಾಗಿ ಇಳಿಯಿತು. ಹತ್ತಿಯೇ ಆ ಬಣ್ಣವನ್ನು ಹೀರುತ್ತದೆ. ಅಂದಿನಿಂದ ಸೋಸುವುದನ್ನು ಬಿಟ್ಟೆ. ರಾತ್ರಿಯಿಡೀ ಕದಡದೆ ಇಟ್ಟು, ಮೇಲಿನ ನೀರನ್ನು ಮೆಲ್ಲಗೆ ಬಸಿಯುತ್ತೇನೆ. ಪಕ್ಕದಲ್ಲಿ ಬೂದಿ ಹಾಕದ ಒಂದು ಬಾಟಲಿ ಯಾವಾಗಲೂ ಇರಬೇಕು. ಮನೆಯಲ್ಲಿ ಮಾಡಿ ನೋಡುವವರು ದಯವಿಟ್ಟು ಇದೊಂದನ್ನು ಮರೆಯಬೇಡಿ.

ಬೇಕರಿಯ ಬೂದಿಯನ್ನು ಬೇಗ ಕೈಬಿಟ್ಟೆ. ಅಲ್ಲಿ ಉರಿಸುವುದು ಒಡೆದ ಮೇಜು, ಹಳೆಯ ಬಾಗಿಲು. ಅವುಗಳ ಮೇಲಿನ ಪೇಂಟಿನ ಸೀಸ ಬೂದಿಯಲ್ಲೇ ಉಳಿಯುತ್ತದೆ. ಒಂದು ಕೊಳೆ ತೆಗೆಯಲು ಅದಕ್ಕಿಂತ ಕೆಟ್ಟದ್ದನ್ನು ನೀರಿಗೆ ಹಾಕಿದಂತೆ. (ಮುಂಬಯಿ ನಗರದ ಬೇಕರಿಗಳು ಸೌದೆ ಬಿಡಬೇಕೆಂದು 2025ರಲ್ಲಿ ಹೈಕೋರ್ಟ್ ಹೇಳಿದ್ದು ಹೊಗೆಗಾಗಿ. ನನಗೆ ಬೂದಿಯ ಕಾರಣಕ್ಕೂ ಅದು ಸರಿ ಎನಿಸಿತು.) ಅಲ್ಲದೆ ಆ ಬೂದಿ ಬೆಳ್ಳಗೆ, ಪೂರ್ತಿ ಉರಿದದ್ದು. ಬಣ್ಣ ಹಿಡಿಯುವ ಕೆಲಸದಲ್ಲಿ ದೊಡ್ಡ ಪಾಲು ಅರೆಬೆಂದು ಉಳಿದ ಕರಿಯ ಇದ್ದಿಲಿನದು.

ಆಗ ಅತ್ತೆ ನೆನಪಿಸಿದ್ದು ಉಮಿಕರಿ. ಭತ್ತದ ಹೊಟ್ಟನ್ನು ಕರಿಯಾಗುವಂತೆ ಸುಟ್ಟ ಪುಡಿ. ಊರಿನಲ್ಲಿ ಹಿಂದೆ ಹಲ್ಲುಜ್ಜುತ್ತಿದ್ದದ್ದು. ನೂರು ಕಿಲೋ ಭತ್ತ ಕುಟ್ಟಿದರೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು ಸಿಗುತ್ತದೆ. ಅದರ ಬೂದಿಯಲ್ಲಿ ಹೆಚ್ಚಿನದೆಲ್ಲ ಸಿಲಿಕಾ, ಅರೆ ಸುಟ್ಟರೆ ಜೊತೆಗೆ ಇದ್ದಿಲೂ ಉಳಿಯುತ್ತದೆ. ಭಾವ ಊರಿನಿಂದ ಬರುವಾಗ ಒಂದು ಡಬ್ಬಿ ತಂದುಕೊಟ್ಟರು. ಕೆಂಪು ಲಿಟ್ಮಸ್ ಕಾಗದ ನೀಲಿಯಾಗದಷ್ಟು ಸಲ ತೊಳೆದೆ, ಒಟ್ಟು ಏಳು ನೀರು. ತೊಳೆಯದಿದ್ದರೆ ಬೂದಿಯ ಕ್ಷಾರ ನೀರಿಗೆ ಇಳಿಯುತ್ತದೆ, ಬಣ್ಣ ಹೋದರೂ ಆ ನೀರು ಗಿಡಕ್ಕೂ ಆಗದು. ಬಿಸಿಲಿನಲ್ಲಿ ಒಣಗಿಸಿ ನೀಲಿ ನೀರಿಗೆ ಹಾಕಿದೆ. ಬೆಳಿಗ್ಗೆ ಬಾಟಲಿಯ ಹಿಂದೆ ಹಿಡಿದ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ಓದಲು ಬಂತು.

ದುಪಟ್ಟಾ ತೊಳೆದ ನನ್ನ ಕೆಂಪು ಮಾತ್ರ ಜಗ್ಗಲಿಲ್ಲ. ಮೆಥಿಲೀನ್ ಬ್ಲೂ ಧನ ವಿದ್ಯುದಂಶದ ಬಣ್ಣ, ಬೂದಿಯ ಮೈ ಋಣ, ಒಂದನ್ನೊಂದು ಎಳೆದುಕೊಳ್ಳುತ್ತವೆ. ರಿಯಾಕ್ಟಿವ್ ಬಣ್ಣ ಬೂದಿಯಂತೆಯೇ ಋಣ, ಹತ್ತಿರ ಬರಲೊಲ್ಲದು. ನೀರನ್ನು ಹುಳಿ ಮಾಡಿದರೆ ಬೂದಿಯ ಮೈಯ ಆ ಗುಣ ತಗ್ಗುತ್ತದೆ. ತೊಳೆದ ನೀರಿಗೆ ವಿನೆಗರ್ ಸುರಿದೆ. ಅದರಲ್ಲಿದ್ದ ಸೋಡಾ ನೊರೆಯುಕ್ಕಿ ತಣಿಯುವವರೆಗೆ ಇಡೀ ಬಾಟಲಿ ಮುಗಿಯಿತು. ಆಮೇಲೆ ಲೀಟರಿಗೆ ನಾಲ್ಕು ಚಮಚ ಉಮಿಕರಿ, ಎರಡು ರಾತ್ರಿ. ರಕ್ತದಂತಿದ್ದ ನೀರು ತೆಳು ಗುಲಾಬಿಗೆ ಇಳಿದಿದೆ. ಅಲ್ಲಿಂದ ಮುಂದಕ್ಕೆ ಇನ್ನೂ ಹೋಗಿಲ್ಲ. ಈಗ ಬಣ್ಣವನ್ನೇ ಕಡಿಮೆ ಹಾಕಿ ಹೆಚ್ಚು ಹೊತ್ತು ನೆನೆಸುತ್ತಿದ್ದೇನೆ. ಮೊದಲ ಎರಡು ಬಕೆಟ್‌ಗಳ ಕಡು ನೀರಿಗೆ ಮಾತ್ರ ಉಮಿಕರಿ.

ಬಣ್ಣ ಕುಡಿದ ಗಷ್ಟನ್ನು ಮುಚ್ಚಳವಿರುವ ಡಬ್ಬದಲ್ಲಿ ಕೂಡಿಡುತ್ತಿದ್ದೇನೆ. ಅತ್ತೆ ತುಳಸಿ ಗಿಡದ ಬುಡಕ್ಕೆ ಹಾಕಲೇ ಎಂದು ಕೇಳಿದರು, ಬೇಡವೆಂದೆ. ನೀರಿನಿಂದ ತೆಗೆದ ಬಣ್ಣ ಎಲ್ಲಿಗೂ ಹೋಗಿಲ್ಲ, ಅದರೊಳಗೇ ಇದೆ. ನಮ್ಮ ಕಟ್ಟಡದಲ್ಲಿ ಪ್ಲಾಸ್ಟರ್ ಕೆಲಸ ನಡೆಯುತ್ತಿದೆ. ಮೇಸ್ತ್ರಿಯಿಂದ ಒಂದಿಷ್ಟು ಸಿಮೆಂಟ್ ಕೇಳಿ ಪಡೆದಿದ್ದೇನೆ. ಭಾನುವಾರ ಗಷ್ಟನ್ನು ಅದರಲ್ಲಿ ಕಲಸಿ, ಹಳೆಯ ಐಸ್‌ಕ್ರೀಮ್ ಡಬ್ಬಿಯಲ್ಲಿ ಒಂದು ಇಟ್ಟಿಗೆ ಎರಕ ಹೊಯ್ದು, ಗಟ್ಟಿಯಾದ ಮೇಲೆ ಒಂದು ವಾರ ನೀರಿನಲ್ಲಿ ಮುಳುಗಿಸಿಡುತ್ತೇನೆ. ಆ ನೀರು ಕೆಂಪಾದರೆ ಬೇರೆ ದಾರಿ ಹುಡುಕಬೇಕು.