ಪ್ರಿಯೊರಾಟ್‌ನಲ್ಲಿ ಸೈಕಲ್: ಹೋಗೋ ಪ್ಲಾನ್ ಇದ್ರೆ ಕಿಲೋಮೀಟರ್ ಲೆಕ್ಕ ಬಿಟ್ಟುಬಿಡಿ

ಸ್ಪೇನ್‌ಗೆ ಹೋಗಿ ರೋಡ್ ಬೈಕ್ ಓಡಿಸ್ಬೇಕು ಅಂತ ಆಸೆ ಇರೋರು ಮೊದ್ಲು ಹುಡುಕೋದು ಜಿರೋನಾ, ಇಲ್ಲಾಂದ್ರೆ ಮಯ್ಯೋರ್ಕಾ. ಎರಡೂ ಚೆನ್ನಾಗೇ ಇವೆ, ಆದ್ರೆ ಸೈಕಲ್‌ನೋರ ಜಾತ್ರೆ. ನಾವು ಬೆಂಗಳೂರಿನ ಒಂದಿಷ್ಟು ಜನ ಗೆಳೆಯರು ಹೋಗಿದ್ದು ಪ್ರಿಯೊರಾಟ್‌ಗೆ. ಬಾರ್ಸಿಲೋನಾದಿಂದ ನೈಋತ್ಯಕ್ಕೆ, ತಾರಗೋನಾ ಪ್ರಾಂತ್ಯದ ಬೆಟ್ಟಗಳ ಒಳಗೆ ಬರುತ್ತೆ. ಸ್ಪೇನ್‌ನಲ್ಲಿ ವೈನಿಗೆ ಕೊಡೋ ಅತಿ ಮೇಲಿನ ದರ್ಜೆ ಇರೋದು ಎರಡೇ ಪ್ರದೇಶಕ್ಕೆ, ಒಂದು ರಿಯೋಹಾ, ಇನ್ನೊಂದು ಇದು. ಹಾಗಂತ ಊರುಗಳೇನು ದೊಡ್ಡವಲ್ಲ, ಎಷ್ಟೋ ಹಳ್ಳೀಲಿ ಕೆಲವು ನೂರು ಜನ ಇದ್ರೆ ಹೆಚ್ಚು.

ಮೊದಲನೇ ಮಾತು, ಮ್ಯಾಪ್ ನೋಡಿ "ಓ, ಬರೀ ಅರವತ್ತು ಕಿಲೋಮೀಟರ್, ಊಟದ ಹೊತ್ತಿಗೆ ಮುಗಿಸಿಬಿಡೋಣ" ಅಂತ ಮಾತ್ರ ಅಂದ್ಕೋಬೇಡಿ. ಇಲ್ಲಿ ಸಪಾಟು ರಸ್ತೆ ಅನ್ನೋದೇ ಇಲ್ಲ. ಹಳ್ಳಿ ಬಿಟ್ರೆ ನೇರ ಹೊಳೆಗೆ ಇಳಿಯುತ್ತೆ, ಸಣ್ಣ ಸೇತುವೆ ದಾಟಿದ ತಕ್ಷಣ ಮುಂದಿನ ಹಳ್ಳಿಗೆ ಏರು ಶುರು, ಮತ್ತೆ ಇಳಿ ಮತ್ತೆ ಏರು, ದಿನವಿಡೀ ಇದೇ ಕಥೆ. ನಂದಿ ಬೆಟ್ಟದ ತರ ಒಂದೇ ಏಟಿಗೆ ಹತ್ತಿ ಮುಗಿಸಿ ಇಳ್ಕೊಂಡು ಬರೋ ಲೆಕ್ಕ ಅಲ್ಲ. ಹಾಗಾಗಿ ರೂಟ್ ಹಾಕುವಾಗ ದೂರ ನೋಡ್ಬೇಡಿ, ಒಟ್ಟು ಎಷ್ಟು ಮೀಟರ್ ಏರು ಅಂತ ನೋಡಿ, ಆಮೇಲೆ ಯಾವ ಹಳ್ಳೀಲಿ ಎಷ್ಟೊತ್ತಿಗೆ ಏನು ತೆರೆದಿರುತ್ತೆ ಅಂತ ನೋಡಿ. ಈ ಎರಡನೇದು ಇನ್ನೂ ಮುಖ್ಯ, ಅದನ್ನ ಕೆಳಗೆ ಹೇಳ್ತೀನಿ.

ಉಳ್ಕೊಳ್ಳೋದು ಎಲ್ಲಿ? ತುಂಬಾ ಜನ ಸಮುದ್ರದ ದಡದ ಕಾಂಬ್ರಿಲ್ಸ್ ಅಥವಾ ಸಾಲೋ‌ನಲ್ಲಿ ರೂಮ್ ಮಾಡ್ತಾರೆ. ಅಲ್ಲಿ ಬಾಡಿಗೆ ಸೈಕಲ್ ಸಲೀಸಾಗಿ ಸಿಗುತ್ತೆ, ಹೋಟೆಲ್ಲೂ ಬೇಕಾದಷ್ಟಿವೆ, ಕುಟುಂಬದವರು ಜೊತೆಗಿದ್ರೆ ಅವರಿಗೆ ಬೀಚೂ ಆಯ್ತು. ಆದ್ರೆ ದಿನಾ ಬೆಳಿಗ್ಗೆ ದಡದಿಂದ ಬೆಟ್ಟ ದಾಟಿ ಒಳಗೆ ಬಂದು ಸಂಜೆ ವಾಪಸ್ ಹೋಗೋದ್ರಲ್ಲೇ ಅರ್ಧ ಶಕ್ತಿ ಖರ್ಚು. ಸೈಕಲ್ ದಡದಲ್ಲಿ ತಗೊಳ್ಳಿ, ಮಲಗೋದು ಮಾತ್ರ ಫಾಲ್ಸೆಟ್‌ನಲ್ಲಿ ಇಟ್ಕೊಳ್ಳಿ ಅನ್ನೋದು ನನ್ನ ಸಲಹೆ. ಫಾಲ್ಸೆಟ್ ಈ ಸೀಮೆಗೆ ತಾಲೂಕು ಕೇಂದ್ರ ಇದ್ದ ಹಾಗೆ, ಅಂಗಡಿ, ಫಾರ್ಮಸಿ, ಬೇಕರಿ ಎಲ್ಲ ಇದೆ. ಬಾರ್ಸಿಲೋನಾದ ಹೆಸರಾಂತ ವಾಸ್ತುಶಿಲ್ಪಿ ಗೌಡಿಯ ಶಿಷ್ಯ ಸೆಸರ್ ಮಾರ್ಟಿನೆಲ್ 1919ರಲ್ಲಿ ಕಟ್ಟಿದ ಸಹಕಾರಿ ವೈನರಿ ಕಟ್ಟಡ ಅಲ್ಲೇ ಇದೆ, ಚರ್ಚ್ ತರ ಕಾಣುತ್ತೆ. ಮೇ ತಿಂಗಳ ಶುರುವಿನಲ್ಲಿ ಹೋಗೋದಾದ್ರೆ ಊರಲ್ಲಿ ವೈನ್ ಮೇಳ ಇರುತ್ತೆ, ರೂಮ್ ಮೊದ್ಲೇ ಬುಕ್ ಮಾಡಿ.

ರ‍್ಯೂಸ್‌ನಿಂದ ಫಾಲ್ಸೆಟ್‌ಗೆ ನೇರ ದಾರಿ ಎನ್-420 ಹೆದ್ದಾರಿ. ಲಾರಿ ಜಾಸ್ತಿ, ಸೈಕಲ್‌ನಲ್ಲಿ ಆ ದಾರಿ ಬೇಡವೇ ಬೇಡ. ಬದಲಿಗೆ ಅಲ್ಫೋರ್ಜಾ ಊರಿನ ಕಡೆಯಿಂದ ಘಾಟಿ ಹತ್ತಿ ಕೊರ್ನುದೆಲ್ಯಾಗೆ ಇಳಿಯೋ ದಾರಿ ಹಿಡೀರಿ, ಸುತ್ತಾದ್ರೂ ಪರವಾಗಿಲ್ಲ.

ನಮಗೆ ತುಂಬಾ ಇಷ್ಟ ಆದ ಸುತ್ತು ಇದು: ಫಾಲ್ಸೆಟ್ ಬಿಟ್ಟು ಗ್ರಾತಾಲ್ಯೋಪ್ಸ್, ಅಲ್ಲಿಂದ ವಿಲೆಲ್ಯಾ ಬೈಶಾ, ಎಸ್ಕಲಾದೇಯಿ, ಕಾಲಲ್ಲಿ ಕಸುವಿದ್ರೆ ಮೇಲೆ ಲಾ ಮೊರೇರಾ, ಆಮೇಲೆ ಪೊಬೊಲೆಡಾ, ಪೊರ್ರೆರಾ ಕಡೆಯಿಂದ ವಾಪಸ್. ವಿಲೆಲ್ಯಾ ಬೈಶಾದಲ್ಲಿ ಮನೆಗಳು ಕಡಿದಾದ ದಿಣ್ಣೆ ಮೇಲೆ ಒಂದರ ಹೆಗಲ ಮೇಲೊಂದು ಎದ್ದಿರೋದ್ರಿಂದ ಅದನ್ನ ಪ್ರಿಯೊರಾಟ್‌ನ ನ್ಯೂಯಾರ್ಕ್ ಅಂತ ಕರೀತಾರೆ, ಸೇತುವೆ ಮೇಲಿಂದ ನೋಡಿ, ಗೊತ್ತಾಗುತ್ತೆ. ಎಸ್ಕಲಾದೇಯಿಯಲ್ಲಿ 12ನೇ ಶತಮಾನದಲ್ಲಿ ಶುರುವಾದ ಕಾರ್ಥೂಸಿಯನ್ ಅನ್ನೋ ಕ್ರೈಸ್ತ ಪಂಥದ ಮಠದ ಅವಶೇಷ ಇದೆ. ಈ ಸೀಮೇಲಿ ದ್ರಾಕ್ಷಿ ಕೃಷಿ ಬೆಳೆಸಿದ್ದು ಆ ಸನ್ಯಾಸಿಗಳೇ, 1835ರಲ್ಲಿ ಸರ್ಕಾರ ಮಠಗಳ ಆಸ್ತಿ ಕಿತ್ಕೊಂಡಾಗ ಅದು ಹಾಳುಬಿತ್ತು. ಲಾ ಮೊರೇರಾ 740 ಮೀಟರ್ ಎತ್ತರದಲ್ಲಿ, ಮೊಂತ್‌ಸಾಂತ್ ಬೆಟ್ಟದ ಬಂಡೆಗೋಡೆಯ ಬುಡದಲ್ಲೇ ಇದೆ, ಅಲ್ಲಿಂದ ಇಡೀ ಪ್ರಿಯೊರಾಟ್ ಕೆಳಗೆ ಕಾಣುತ್ತೆ.

ಏರುವಾಗ ಸುಸ್ತಾದ್ರೆ ನಾಚ್ಕೋಬೇಡಿ, ನಿಂತು ರಸ್ತೆ ಪಕ್ಕದ ಮಣ್ಣು ನೋಡಿ. ಮಣ್ಣು ಅನ್ನೋಕೂ ಆಗಲ್ಲ, ಪದರ ಪದರವಾಗಿರೋ ಕಪ್ಪು ಸ್ಲೇಟ್ ಕಲ್ಲು, ಲಿಕೊರೆಲ್ಯಾ ಅಂತಾರೆ, ಬೆರಳಲ್ಲಿ ಒತ್ತಿದ್ರೆ ಚಕ್ಕೆ ಚಕ್ಕೆಯಾಗಿ ಬಿಚ್ಕೊಳ್ಳುತ್ತೆ, ಬಿಸಿಲಿಗೆ ಅಭ್ರಕ ಮಿಂಚುತ್ತೆ. ಬಳ್ಳಿ ಬೇರು ಈ ಸೀಳುಗಳಲ್ಲೇ ನೀರು ಹುಡುಕ್ಕೊಂಡು ಆಳಕ್ಕೆ ಇಳಿಯುತ್ತೆ. ಚಪ್ಪರ ಇಲ್ಲ ಏನಿಲ್ಲ, ಮೊಣಕಾಲುದ್ದದ ಗಂಟು ಗಂಟು ಗಿಡ, ಗಾರ್ನಾಚಾ ಮತ್ತು ಕಾರಿನ್ಯೇನಾ ಜಾತಿ. ತುಂಬಾ ಹಳೇ ಗಿಡ ಒಂದಕ್ಕೆ ಒಂದು ಕೆಜಿ ಹಣ್ಣು ಬಂದ್ರೆ ಪುಣ್ಯ. ಕೆಲವು ಇಳಿಜಾರಲ್ಲಿ ಟ್ರ್ಯಾಕ್ಟರ್ ನಿಲ್ಲಲ್ಲ, ಹೇಸರಗತ್ತೆ ಕಟ್ಟಿ ಉಳ್ತಾರೆ. ಫಿಲಾಕ್ಸೆರಾ ಕೀಟ ಬಂದು 19ನೇ ಶತಮಾನದ ಕೊನೇಲಿ ತೋಟಗಳೆಲ್ಲ ನಾಶ ಆಗಿ ಜನ ಊರು ಬಿಟ್ಟಿದ್ರು, 1980ರ ದಶಕದ ಕೊನೇಲಿ ರೆನೆ ಬಾರ್ಬಿಯೆ, ಆಲ್ವಾರೊ ಪಲಾಸಿಯೊಸ್ ಮುಂತಾದ ಕೆಲವು ವೈನ್ ತಯಾರಕರು ಗ್ರಾತಾಲ್ಯೋಪ್ಸ್‌ಗೆ ಬಂದ ಮೇಲೇ ಈ ಹೆಸರು ಮತ್ತೆ ಮೇಲೆದ್ದಿದ್ದು.

ಈಗ ತೆರೆದಿರೋ ಬಾಗಿಲ ವಿಷಯ. ಮಧ್ಯಾಹ್ನ ಎರಡರಿಂದ ಐದರ ತನಕ ಅಂಗಡಿಗಳು ಮುಚ್ಚಿರುತ್ತವೆ, ಭಾನುವಾರ ಇನ್ನೂ ಕಷ್ಟ. ಸಣ್ಣ ಹಳ್ಳೀಲಿ ಇರೋದೇ ಒಂದು ಬಾರು, ಅದಕ್ಕೂ ವಾರದ ರಜೆ ಇರುತ್ತೆ. ಎರಡು ದೊಡ್ಡ ಬಾಟಲ್ ಇಟ್ಕೊಳ್ಳಿ, ಜೇಬಲ್ಲಿ ಬಾಳೆಹಣ್ಣು, ಕಡ್ಲೆ ಚಿಕ್ಕಿ ಏನಾದ್ರೂ ಇರ್ಲಿ. ಹಳ್ಳಿ ಚೌಕದಲ್ಲಿ ಕಾರಂಜಿ ತರದ ನಲ್ಲಿ ಇರುತ್ತೆ, ಅಲ್ಲಿ ತುಂಬಿಸ್ಕೊಬಹುದು, 'ನೋ ಪೊಟಾಬ್ಲೆ' ಅಂತ ಬರೆದಿದ್ರೆ ಮಾತ್ರ ಕುಡೀಬೇಡಿ. ಮಧ್ಯಾಹ್ನದ ಊಟ ಒಂದೂವರೆ ಮೇಲೆ, ರಾತ್ರಿ ಊಟ ಒಂಬತ್ತಕ್ಕೆ ಮುಂಚೆ ಸಿಗೋದು ಅಪರೂಪ, ಏಳು ಗಂಟೆಗೇ ಹಸಿಯೋ ನಮ್ಮಂಥೋರಿಗೆ ಫಾಲ್ಸೆಟ್ ಬೇಕರಿ ಬ್ರೆಡ್ಡೇ ಗತಿ.

ಸಸ್ಯಾಹಾರಿಗಳಿಗೆ ಉಪವಾಸ ಏನಿಲ್ಲ. ಬ್ರೆಡ್ ಸುಟ್ಟು, ಬೆಳ್ಳುಳ್ಳಿ ತಿಕ್ಕಿ, ಹಣ್ಣು ಟೊಮ್ಯಾಟೊ ಅರ್ಧ ಸೀಳಿ ಅದರ ರಸ ಪೂರ್ತಿ ಇಳಿಯೋ ಹಾಗೆ ಉಜ್ಜಿ, ಮೇಲೆ ಉಪ್ಪು, ಆ ಕಡೆಯದೇ ಸಿಯುರಾನಾ ಆಲಿವ್ ಎಣ್ಣೆ ಧಾರಾಳವಾಗಿ ಸುರಿದು ಕೊಡ್ತಾರೆ, ಪಾ ಅಂಬ್ ತುಮಾಕೆಟ್. ಏರು ಹತ್ತಿ ಬಂದವನಿಗೆ ಇದಕ್ಕಿಂತ ಬೇಕಾ! ಸುಟ್ಟ ಬದನೆಕಾಯಿ, ಕ್ಯಾಪ್ಸಿಕಂನ ಎಸ್ಕಲಿವಾಡಾನೂ ಸಿಗುತ್ತೆ, ಮೊಟ್ಟೆ ತಿನ್ನೋರಾದ್ರೆ ಆಲೂಗಡ್ಡೆ ಆಮ್ಲೆಟ್. ಒಂದೇ ಎಚ್ಚರ, ಮಾಂಸ ಬೇಡ ಅಂದ್ರೆ ಸಲಾಡ್ ಮೇಲೆ ಟ್ಯೂನಾ ಮೀನು ಹಾಕಿ ತರ್ತಾರೆ, ಅವರ ಲೆಕ್ಕದಲ್ಲಿ ಅದು ಮಾಂಸ ಅಲ್ಲ. ಮೀನೂ ಬೇಡ ಅಂತ ಬಿಡಿಸಿ ಹೇಳಿ.

ವೈನ್ ಸೀಮೆಗೆ ಹೋಗಿ ಕುಡೀದೆ ಬರ್ತೀರಾ ಅಂತ ಕೇಳ್ತೀರಿ. ಕುಡೀರಿ, ಸೈಕಲ್ ರೂಮಲ್ಲಿ ನಿಲ್ಲಿಸಿದ ಮೇಲೆ. ಇಲ್ಲಿನ ಕೆಂಪು ವೈನ್ 14, 15 ಪರ್ಸೆಂಟ್ ಇರೋದು ಮಾಮೂಲು, ಮೇಲಾಗಿ ಸ್ಪೇನ್‌ನಲ್ಲಿ ಆಲ್ಕೋಹಾಲ್ ಮಿತಿ ಸೈಕಲ್ ಸವಾರರಿಗೂ ಅನ್ವಯ ಆಗುತ್ತೆ, ಪೊಲೀಸರು ಊದಿಸ್ತಾರೆ, ದಂಡ ನೂರಾರು ಯೂರೋ. ವೈನರಿಗಳಿಗೆ ಸುಮ್ನೆ ನುಗ್ಗೋಕಾಗಲ್ಲ, ಮೊದ್ಲೇ ಮೇಲ್ ಮಾಡಿ ಟೈಮ್ ತಗೋಬೇಕು.

ಇನ್ನೊಂದು ದಿನ ಸಿಯುರಾನಾಗೆ ಇಡಿ. ಕೊರ್ನುದೆಲ್ಯಾದಿಂದ ಹೋಗೋ ದಾರಿ ಕೊನೇಲಿ ಸಿಕ್ಕಾಪಟ್ಟೆ ಕಡಿದು, ಜೀಪಿಎಸ್‌ನಲ್ಲಿ ಸ್ಪೀಡ್ ನೋಡದೇ ಇರೋದು ವಾಸಿ. ಮೇಲೆ ಪ್ರಪಾತದ ಅಂಚಲ್ಲಿ ಕಲ್ಲಿನ ಮನೆಗಳು, ಕೆಳಗೆ ಹಸಿರು ಜಲಾಶಯ, ಸುತ್ತ ಬಂಡೆ ಹತ್ತೋ ಹುಡುಗರು. ಕ್ಯಾಟಲೋನಿಯಾದಲ್ಲಿ ಮೂರ್ ಮುಸ್ಲಿಮರ ಕೊನೇ ಕೋಟೆ ಇದೇ, ಬಿದ್ದಿದ್ದು 1153ರಲ್ಲಿ. ಉದ್ದ ಆದ್ರೂ ಹದವಾದ ಏರು ಬೇಕು ಅನ್ನೋರಿಗೆ ವಿಲಪ್ಲಾನಾದಿಂದ ಲಾ ಮುಸ್ಸಾರಾ ಇದೆ, ಸುಮಾರು 990 ಮೀಟರ್‌ಗೆ ಹತ್ತಿಸುತ್ತೆ, ಮೇಲೆ ಜನ ಬಿಟ್ಟುಹೋದ ಪಾಳು ಹಳ್ಳಿ. ಅಂಗಡಿ ಇರೋ ಜಾಗ ಅಲ್ಲ, ತಿನ್ನೋಕೆ ಕೆಳಗಿಂದ್ಲೇ ಒಯ್ಯಿರಿ.

ಸೈಕಲ್ ಬಾಡಿಗೆಗೆ ತಗೊಳ್ಳುವಾಗ ಹಿಂದೆ ದೊಡ್ಡ ಕ್ಯಾಸೆಟ್ (ಹಿಂಚಕ್ರದ ಗೇರ್ ಹಲ್ಲುಚಕ್ರಗಳ ಗುಚ್ಛ) ಕೇಳಿ, ಮುಂದೆ 34 ಹಲ್ಲು ಹಿಂದೆ 32 ಅಥವಾ 34 ಇದ್ರೆ ಮೊಣಕಾಲು ಉಳಿಯುತ್ತೆ. ಬ್ರೇಕ್ ಕಡೆ ಗಮನ ಇರ್ಲಿ, ಅಲ್ಲಿ ಮುಂದಿನ ಬ್ರೇಕ್ ಸಾಮಾನ್ಯವಾಗಿ ಎಡಗೈಯಲ್ಲಿ, ನಮ್ಮಲ್ಲಿ ಬಲಗೈಯಲ್ಲಿ. ಇಳಿಜಾರಿನ ತಿರುವಲ್ಲಿ ಕೈ ತಂತಾನೇ ಹಳೇ ಅಭ್ಯಾಸಕ್ಕೆ ಹೋಗುತ್ತೆ, ಬೇಕಾದ್ರೆ ಅಂಗಡೀಲೇ ಬದಲಾಯಿಸಿ ಕೊಡಿ ಅನ್ನಿ. ರಸ್ತೇಲಿ ಬಲಕ್ಕೆ ಹೋಗ್ಬೇಕು ಅನ್ನೋದಂತೂ ಗೊತ್ತೇ ಇದೆ. ಊರ ಹೊರಗೆ ಹೆಲ್ಮೆಟ್ ಕಡ್ಡಾಯ. ಕಾರಿನೋರು ಸೈಕಲ್ ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡ್ಬೇಕು ಅಂತ ಕಾನೂನಿದೆ, ಬಿಡ್ತಾರೂ ಕೂಡ, ಹಾರ್ನ್ ಹೊಡೀದೆ ಹಿಂದೆ ಕಾಯ್ತಾರೆ, ಔಟರ್ ರಿಂಗ್ ರೋಡ್‌ನಲ್ಲಿ ಓಡಿಸಿ ಬಂದವರಿಗೆ ಮೊದಲ ದಿನ ಅನುಮಾನನೇ ಬರುತ್ತೆ.

ಸಮಯ ಅಂದ್ರೆ ಏಪ್ರಿಲ್‌ನಿಂದ ಜೂನ್ ಶುರು, ಇಲ್ಲಾಂದ್ರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಜುಲೈ ಆಗಸ್ಟ್‌ನಲ್ಲಿ ಆ ಕಪ್ಪು ಕಲ್ಲು ಕಾದು ಬಿಸಿ ಉಗುಳುತ್ತೆ, ಬೇಡ. ಕೊಯ್ಲಿನ ಕಾಲದಲ್ಲಿ ತಿರುವಿಗೊಂದು ದ್ರಾಕ್ಷಿ ಟ್ರ್ಯಾಕ್ಟರ್ ಎದುರಾಗುತ್ತೆ, ನಿಧಾನ ಇಳೀರಿ. ಗಾಳಿ ಎರಡು ತರ, ವಾಯವ್ಯದಿಂದ ಬೀಸೋ ಮೆಸ್ತ್ರಾಲ್ ಒಣಗಾಳಿ, ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಬರೋದು ಗಾರ್ಬಿ. ಮೆಸ್ತ್ರಾಲ್ ಜೋರಿರೋ ದಿನ ಬೆಟ್ಟದ ಮೇಲಿನ ಬಯಲು ರಸ್ತೆ ಬಿಟ್ಟು ಕಣಿವೆ ಒಳಗಿನ ಹಳ್ಳಿಗಳಲ್ಲೇ ಸುತ್ತಿ.

ಬಾರ್ಸಿಲೋನಾದಿಂದ ರ‍್ಯೂಸ್ ಮೇಲೆ ಬರೋ ಪ್ರಾದೇಶಿಕ ರೈಲು ಮಾರ್ಸಾ-ಫಾಲ್ಸೆಟ್ ಸ್ಟೇಷನ್‌ನಲ್ಲಿ ನಿಲ್ಲುತ್ತೆ, ಜಾಗ ಇದ್ರೆ ಸೈಕಲ್ ಸಮೇತ ಹತ್ಬಹುದು. ಆದ್ರೆ ದಿನಕ್ಕೆ ಕೆಲವೇ ರೈಲು, ಸ್ಟೇಷನ್ ಫಾಲ್ಸೆಟ್ ಊರಿಂದ ಆಚೆ ಇದೆ, ಹಾಗಾಗಿ ವಾಪಸ್ ಹೋಗೋ ದಿನ ಬೆಳಿಗ್ಗೆ ರೈಡ್ ಅಂತ ಏನೂ ಇಟ್ಕೋಬೇಡಿ, ವಿಮಾನ ಇದ್ರೆ ಹಿಂದಿನ ದಿನವೇ ಬಾರ್ಸಿಲೋನಾ ಸೇರ್ಕೊಳ್ಳಿ.