ಕುದಿಯುವ ಹಾಗೆ ಕಾಣುವ ತಣ್ಣನೆ ಮಣ್ಣು

ಅಜರ್‌ಬೈಜಾನ್‌ನ ರಾಜಧಾನಿ ಬಾಕುಗೆ ಬಂದು ಮೂರು ವರ್ಷವಾಯಿತು. ಊರಿಂದ ಯಾರೇ ಬರಲಿ, ಮೊದಲು ಕರೆದುಕೊಂಡು ಹೋಗುವುದು ಗೊಬುಸ್ತಾನ್ ಕಡೆಗೆ, ಮಣ್ಣಿನ ಜ್ವಾಲಾಮುಖಿ ತೋರಿಸಲು. ಕಳೆದ ತಿಂಗಳು ಅಮ್ಮ ಬಂದಿದ್ದರು. ಜ್ವಾಲಾಮುಖಿ ಅಂದ ಕೂಡಲೇ "ಬೆಂಕಿ ಹತ್ತಿರ ಯಾಕೆ ಹೋಗ್ಬೇಕು ಕಣೇ" ಅಂದರು.

ಬಾಕುವಿನಿಂದ ದಕ್ಷಿಣಕ್ಕೆ ಒಂದು ಗಂಟೆ ದಾರಿ, ಎಡಗಡೆ ಉದ್ದಕ್ಕೂ ಕ್ಯಾಸ್ಪಿಯನ್ ಸಮುದ್ರ. ಹೆದ್ದಾರಿ ಬಿಟ್ಟ ಮೇಲೆ ಮಣ್ಣಿನ ರಸ್ತೆ, ಅಲ್ಲಿಂದ ಹಳೆ ಲಾಡಾ ಕಾರಿನಲ್ಲಿ ಹೋಗಬೇಕು. ಒಂದು ಗಿಡವೂ ಇಲ್ಲದ ಬೋಳು ದಿಬ್ಬದ ಮೇಲೆ ಹುತ್ತದ ಹಾಗೆ ಬೂದು ಗುಡ್ಡೆಗಳು, ಒಂದೊಂದರ ತುದಿಯಲ್ಲೂ ಕೆಸರು ಬುಳಕ್ ಬುಳಕ್ ಅಂತ ಉಬ್ಬಿ ಒಡೆಯುತ್ತಿರುತ್ತದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. "ರಾಗಿ ಅಂಬಲಿ ಕುದ್ದ ಹಾಗೇ ಇದೆ ಅಲ್ವಾ" ಅಂದರು. ಮುಟ್ಟಿ ನೋಡಿ ಅಂದೆ. ಹೆದರುತ್ತಲೇ ಒಂದು ಬೆರಳು ಅದ್ದಿದರು, ಆಮೇಲೆ ಇಡೀ ಅಂಗೈ. ಬಾವಿ ನೀರಿನಷ್ಟು ತಣ್ಣಗಿತ್ತು! ಆ ಕ್ಷಣದ ಅವರ ಮುಖ ನೋಡಲಿಕ್ಕಾದರೂ ನಾನು ನೂರು ಸಲ ಅಲ್ಲಿಗೆ ಹೋಗುತ್ತೇನೆ.

ಇಲ್ಲಿ ಕರಗಿದ ಕಲ್ಲು ಇಲ್ಲವೇ ಇಲ್ಲ. ಲಕ್ಷಾಂತರ ವರ್ಷಗಳಿಂದ ಬೇಗ ಬೇಗ ಒಂದರ ಮೇಲೊಂದು ಕೂತ ಜೇಡಿಮಣ್ಣಿನ ಕೆಳಗೆ ನೀರು, ಗ್ಯಾಸು ಸಿಕ್ಕಿಕೊಂಡಿದೆ. ಒತ್ತಡ ಜಾಸ್ತಿಯಾದಾಗ ಬಿರುಕು ಸಿಕ್ಕಿದಲ್ಲಿ ಮಣ್ಣನ್ನೂ ಹೊತ್ತುಕೊಂಡು ಮೇಲೆ ಬರುತ್ತದೆ. ಬರುವ ಗ್ಯಾಸು ಹೆಚ್ಚಿನಂಶ ಮೀಥೇನ್, ಹಾಗಾಗಿ ಬೆಂಕಿಕಡ್ಡಿ ಗೀರುವುದು ಖಂಡಿತ ಬೇಡ. ಕೆಲವು ಗುಂಡಿಗಳಲ್ಲಿ ಕೆಸರಿನ ಮೇಲೆ ಎಣ್ಣೆಯ ಕಪ್ಪು ಪದರ ಕೂಡ ಕಾಣುತ್ತದೆ. ಅಜರ್‌ಬೈಜಾನ್‌ನಲ್ಲಿ ಇಂಥವು 350ಕ್ಕೂ ಹೆಚ್ಚಿವೆ, ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ.

ಎಲ್ಲವೂ ಇಷ್ಟು ಸಾಧು ಅಲ್ಲ. 2001ರಲ್ಲಿ ಬಾಕು ಪಕ್ಕದ ಲೋಕ್‌ಬತಾನ್ ಅನ್ನುವ ಮಣ್ಣಿನ ಜ್ವಾಲಾಮುಖಿ ದೊಡ್ಡದಾಗಿ ಹೊತ್ತಿ ಉರಿದಿತ್ತು. 2021ರ ಜುಲೈ 4ರ ರಾತ್ರಿ ಸಮುದ್ರದ ನಡುವಿನ ಒಂದು ದ್ವೀಪದಲ್ಲಿ ಸಿಡಿದಾಗ ಅದರ ಬೆಂಕಿ ಬಾಕುವಿಗೇ ಕಾಣಿಸಿತ್ತು. ಇದನ್ನು ಅಮ್ಮನಿಗೆ ವಾಪಸ್ ಬರುವಾಗ ಕಾರಿನಲ್ಲಿ ಹೇಳಿದೆ, ಮೊದಲೇ ಹೇಳಿದ್ದರೆ ಅವರು ಕಾರು ಹತ್ತುತ್ತಲೇ ಇರಲಿಲ್ಲ.

ಮರುದಿನ ಬಾಕು ಹತ್ತಿರದ ಸುರಾಖಾನಿಯ ಆತೆಶ್‌ಗಾಹ್ ಬೆಂಕಿ ಗುಡಿಗೆ ಹೋದೆವು. ಅಲ್ಲಿಯ ಬೆಂಕಿಯೂ ಹಿಂದೆ ನೆಲದ ಗ್ಯಾಸಿನಿಂದಲೇ ಉರಿಯುತ್ತಿತ್ತು. ಹಳೆ ಕಾಲದ ಭಾರತದ ವ್ಯಾಪಾರಿಗಳು ಕೆತ್ತಿಸಿದ ಕಲ್ಲಿನ ಮೇಲೆ "ಶ್ರೀ ಗಣೇಶಾಯ ನಮಃ" ಅಂತ ನಾಗರಿ ಲಿಪಿಯಲ್ಲಿದೆ. ಅಮ್ಮ ಅದನ್ನು ಅಕ್ಷರ ಕೂಡಿಸಿ ಓದಿ ಕೈಮುಗಿದರು. ಅವರ ಉಗುರಿನ ಸಂದಿಯಲ್ಲಿ ಆಗಲೂ ಬೂದು ಮಣ್ಣು ಇತ್ತು.

ಬರುವವರು ಹಳೆ ಚಪ್ಪಲಿ ಹಾಕಿಕೊಂಡು ಬನ್ನಿ. ಮಳೆ ಬಂದ ಮರುದಿನ ಮಾತ್ರ ಬೇಡ, ಕಾರು ಆ ರಸ್ತೆಯಲ್ಲಿ ಹೂತುಕೊಳ್ಳುತ್ತದೆ.